ಕನಾಅತ್: ‘ಸಾಕು’ ಅನ್ನಬೇಕಾದವರು ಯಾರು?

ಈ ಪದ ನನ್ನ ಕಿವಿಗೆ ಮೊದಲು ಬಿದ್ದದ್ದು ಹುಬ್ಬಳ್ಳಿಯ ಒಂದು ಹೊಲಿಗೆ ಅಂಗಡಿಯಲ್ಲಿ. ಅಬ್ಬಾ ಅಲ್ಲಿ ಪೀಸ್ ಲೆಕ್ಕದ ಮೇಲೆ ಪೈಜಾಮ, ಜುಬ್ಬಾ ಹೊಲಿಯುತ್ತಿದ್ದರು. ರಮಜಾನಿನ ಕೊನೆಯ ಹತ್ತು ದಿನ, ಶಾ ಬಜಾರದಲ್ಲಿ ಕಾಲಿಡಲು ಜಾಗವಿಲ್ಲ. ಅಂಗಡಿಯ ಮಷಿನ್‌ಗಳು ಸಹರಿಯವರೆಗೂ, ಅಂದರೆ ನಸುಕಿನ ಊಟದ ಹೊತ್ತಿನವರೆಗೂ, ನಿಲ್ಲುತ್ತಿರಲಿಲ್ಲ. ಈದಿಗೆ ಮೂರು ದಿನ ಇದ್ದಾಗ ಅಬ್ಬಾ ಬಾಕಿ ಮಜೂರಿ ಕೇಳಿದರು. ಮಾಲೀಕರು ಗಲ್ಲಾ ಮುಚ್ಚಿ, ‘ಮಾಸ್ತರ್, ಸ್ವಲ್ಪ ಕನಾಅತ್ ಇರಬೇಕ್ರಿ. ಬಂದಷ್ಟಕ್ಕ ಶುಕ್ರ್ ಅನ್ನಬೇಕು’ ಅಂದರು. ಅಬ್ಬಾ ಮಾತಾಡದೆ ಎದ್ದು ಬಂದರು. ನನಗಾಗ ಹತ್ತು ವರ್ಷ. ಕನಾಅತ್ ಅಂದರೆ ದುಡ್ಡು ಕೇಳಬಾರದು ಅಂತ ಅರ್ಥ ಇರಬೇಕು ಎಂದುಕೊಂಡಿದ್ದೆ. ಬಹಳ ಜನ ಇವತ್ತಿಗೂ ಹಾಗೇ ತಿಳಿದಿದ್ದಾರೆ.

ಪದ ಅರಬಿಯದು. ಕಾಫ್, ನೂನ್, ಐನ್ ಎಂಬ ಮೂರು ಅಕ್ಷರಗಳ ಧಾತು. ಉರ್ದುವಿನಲ್ಲಿ ಕನಾಅತ್, ನಮ್ಮ ಕಡೆಯ ದಖ್ಖನಿ ಬಾಯಲ್ಲಿ ಮೊದಲ ಅಕ್ಷರ ‘ಖ’ ಆಗಿಬಿಡುತ್ತದೆ. ಶಾಮಿಯಾನದ ಪಕ್ಕಕ್ಕೆ ಕಟ್ಟುವ ಕನಾತಿಗೂ ಇದಕ್ಕೂ ಸಂಬಂಧವಿಲ್ಲ, ಅದು ಬೇರೆ ಮೂಲದ ಪದ. ಕನ್ನಡದಲ್ಲಿ ‘ತೃಪ್ತಿ’, ‘ಸಂತೃಪ್ತಿ’ ಎಂದು ಬರೆಯುವುದು ರೂಢಿ. ತಪ್ಪಲ್ಲ, ಆದರೆ ಪೂರ್ತಿ ಸಾಲುವುದಿಲ್ಲ. ತೃಪ್ತಿ ಊಟವಾದ ಮೇಲೆ ಬರುವಂಥದ್ದು. ಕನಾಅತ್ ತಾಟಿನ ಮುಂದೆ ಕೂಡುವ ಮೊದಲೇ ಮನಸ್ಸಿನಲ್ಲಿ ಇರಬೇಕಾದದ್ದು: ನನಗೆ ಇಷ್ಟು ಸಾಕು, ಪಕ್ಕದ ತಾಟಿನಲ್ಲಿ ಏನಿದೆ ಎಂಬುದು ನನ್ನ ಲೆಕ್ಕಕ್ಕೆ ಬರುವುದಿಲ್ಲ.

ಪ್ರವಾದಿ ಮುಹಮ್ಮದರ (ಸ) ಮಾತೊಂದು ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ (ಪ್ರವಾದಿಯವರ ನುಡಿ-ನಡೆಗಳ ವರದಿ) ಸಂಗ್ರಹಗಳಲ್ಲಿದೆ. ಸಿರಿವಂತಿಕೆ ಇರುವುದು ಸರಕು ಸಂಪತ್ತಿನ ರಾಶಿಯಲ್ಲಲ್ಲ, ಮನಸ್ಸಿನ ಸಿರಿವಂತಿಕೆಯೇ ಸಿರಿವಂತಿಕೆ ಎಂಬುದು ಅದರ ಭಾವ. ಎಲ್ಲರೂ ಹೇಳುವ ಹದೀಸ್ ಇದು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಮುಸ್ಲಿಂ ಸಂಗ್ರಹದಲ್ಲಿ ಅಬ್ದುಲ್ಲಾ ಬಿನ್ ಅಮ್ರ್ ಅವರಿಂದ ಬಂದಿರುವ ಇನ್ನೊಂದು. ಇಸ್ಲಾಮಿಗೆ ಶರಣಾದವನು, ‘ಕಫಾಫ್’ ಪಡೆದವನು, ಕೊಟ್ಟದ್ದರಲ್ಲಿ ಅಲ್ಲಾಹನು ಕನಾಅತ್ ಕೊಟ್ಟವನು ಗೆದ್ದ, ಎನ್ನುತ್ತದೆ ಅದು. ಕಫಾಫ್ ಎಂದರೆ ಜೀವನಕ್ಕೆ ಸರಿಹೋಗುವಷ್ಟು. ಮಿಗುವುದೂ ಇಲ್ಲ, ಕೊರತೆಯೂ ಇಲ್ಲ. ಸಾಲಿನ ಕ್ರಮ ಗಮನಿಸಿ. ಮೊದಲು ಕಫಾಫ್, ಅದರ ಹಿಂದೆ ಕನಾಅತ್. ಇನ್ನೊಂದು ಹದೀಸ್ ತಿರ್ಮಿಜಿಯಲ್ಲಿದೆ. ಮನೆಮಂದಿಯ ನಡುವೆ ನಿರ್ಭಯವಾಗಿ, ಮೈಯಲ್ಲಿ ಆರೋಗ್ಯವಿದ್ದು, ಆ ದಿನದ ಅನ್ನ ಇಟ್ಟುಕೊಂಡು ಯಾರು ಬೆಳಗ್ಗೆ ಏಳುತ್ತಾರೋ ಅವರಿಗೆ ಇಡೀ ಲೋಕವೇ ಕೈಗೆ ಬಂದಂತೆ. ಅಲ್ಲಿಯೂ ದಿನದ ಅನ್ನ ಲೆಕ್ಕದಲ್ಲಿದೆ. ಹಸಿದ ಹೊಟ್ಟೆಗೆ ಕನಾಅತ್ ಬಡಿಸಿ ಎಂದು ಎಲ್ಲಿಯೂ ಇಲ್ಲ. ಬಡತನದಿಂದ ಕಾಪಾಡು ಎಂದು ಪ್ರವಾದಿಯವರೇ ದುಆ ಮಾಡುತ್ತಿದ್ದರು.

ಹಾಗಿದ್ದರೂ ಅವರ ಸ್ವಂತ ಕೋಣೆಯಲ್ಲಿ ಇದ್ದದ್ದು ಬಹಳ ಕಡಿಮೆ. ಒಮ್ಮೆ ಅವರ ಸಂಗಾತಿ ಉಮರ್ (ರ) ಒಳಗೆ ಹೋದಾಗ ಅವರು ಬರೀ ಚಾಪೆಯ ಮೇಲೆ ಮಲಗಿದ್ದರು, ಮಗ್ಗುಲಲ್ಲಿ ಚಾಪೆಯ ಗುರುತು ಮೂಡಿತ್ತು. ಉಮರ್ ಅತ್ತರು. ಪರ್ಷಿಯಾದ ಕಿಸ್ರಾ, ರೋಮಿನ ಕೈಸರರಂಥ ದೊರೆಗಳು ಆ ವೈಭವದಲ್ಲಿ, ಅಲ್ಲಾಹನ ಪ್ರವಾದಿ ಹೀಗೆ! ಅವರಿಗೆ ಈ ಲೋಕ, ನಮಗೆ ಪರಲೋಕ. ಇದು ನಿಮಗೆ ಒಪ್ಪಿಗೆ ಇಲ್ಲವೇ, ಎಂದು ಪ್ರವಾದಿ ಕೇಳಿದರು. ಆಗ ಅವರು ಮದೀನಾದ ನಾಯಕರು. ಬೇಕೆಂದಿದ್ದರೆ ಸಿಗುತ್ತಿತ್ತು. ತನ್ನ ಪಾಲಿಗೆ ತಾನೇ ‘ಇಷ್ಟು ಸಾಕು’ ಅಂದುಕೊಂಡದ್ದು ಅದು.

ಹತ್ತಿರದ ಪದಗಳು ಇವೆ. ಸಬ್ರ್ ಕಷ್ಟ ಬಂದಾಗಿನ ತಾಳ್ಮೆ, ನಮ್ಮ ‘ಸಬೂರಿ’ ಬಂದದ್ದು ಅಲ್ಲಿಂದ. ತವಕ್ಕುಲ್ ಅಲ್ಲಾಹನ ಮೇಲೆ ಭಾರ ಹಾಕುವುದು. ಜುಹ್ದ್ ಎಂದರೆ ಲೋಕದ ಮೋಹದಿಂದಲೇ ಮನಸ್ಸು ಹಿಂದೆ ಸರಿಸುವುದು. ಅದು ಸಾಧಕರ ಹಾದಿ. ಕನಾಅತ್ ಅಂಗಡಿ ಇಟ್ಟವರು, ಹಮಾಲಿ ಮಾಡುವವರು, ಮೂರು ಮಕ್ಕಳ ಫೀ ಕಟ್ಟುವವರು ಎಲ್ಲರಿಗೂ ಎಟುಕುವಂಥದ್ದು.

ದುಡಿಮೆಗೂ ಅದಕ್ಕೂ ವಿರೋಧವಿಲ್ಲ. ಹಕೀಮ್ ಬಿನ್ ಹಿಜಾಮ್ ಎಂಬ ಸಹಾಬಿ (ಪ್ರವಾದಿಯವರ ಸಂಗಾತಿ) ಪ್ರವಾದಿಯವರ ಬಳಿ ದುಡ್ಡು ಕೇಳಿದರು, ಪ್ರವಾದಿ ಕೊಟ್ಟರು. ಮತ್ತೆ ಕೇಳಿದರು, ಕೊಟ್ಟರು. ಮೂರನೇ ಸಲವೂ ಕೊಟ್ಟರು. ಆಮೇಲೆ ಹೇಳಿದರು: ಈ ಸಂಪತ್ತು ಹಸಿರು, ಸಿಹಿ. ಉದಾರ ಮನಸ್ಸಿನಿಂದ ತೆಗೆದುಕೊಂಡವರಿಗೆ ಅದರಲ್ಲಿ ಬರಕತ್, ಅಂದರೆ ಕೈಹಿಡಿಯುವ ಸಮೃದ್ಧಿ, ಇರುತ್ತದೆ. ಆಸೆಬುರುಕತನದಿಂದ ತೆಗೆದುಕೊಂಡವರು ಉಂಡೂ ಹೊಟ್ಟೆ ತುಂಬದವರಂತೆ. ಕೊಡುವ ಮೇಲಿನ ಕೈ ಬೇಡುವ ಕೆಳಗಿನ ಕೈಗಿಂತ ಮೇಲು. ಇನ್ನು ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಹಕೀಮ್ ಅಂದು ಆಣೆ ಮಾಡಿದರು. ಮುಂದೆ ಅಬೂಬಕರ್, ಉಮರ್ ಖಲೀಫರಾದಾಗ ಕರೆದು ಅವರ ಪಾಲಿನದನ್ನೇ ಕೊಡಹೋದರೂ ಮುಟ್ಟಲಿಲ್ಲ. ಆ ‘ಬರಕತ್’ ನಮ್ಮ ಪೇಟೆಗೆ ಗೊತ್ತಿರುವ ಪದವೇ. ಜಾತಿ ಧರ್ಮ ನೋಡದೆ ಎಲ್ಲ ವ್ಯಾಪಾರಸ್ಥರೂ ‘ದುಡ್ಡು ಬರ್ತದ್ರಿ, ಬರಕತ್ ಇಲ್ಲ’ ಅನ್ನುತ್ತಾರೆ. ಆಯ್ದಕ್ಕಿ ಮಾರಯ್ಯ ಆ ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ವಾಪಸ್ಸು ಕಳಿಸಿದ ಕತೆ ಕೇಳಿ ಬೆಳೆದ ನಮ್ಮ ಸೀಮೆಗೆ ಕನಾಅತ್ ತೀರ ಹೊಸ ವಿಚಾರವೂ ಅಲ್ಲ.

ಇನ್ನು ಧಾತುವಿನ ಒಂದು ಸೂಕ್ಷ್ಮ. ಅದೇ ಮೂರು ಅಕ್ಷರಗಳಿಗೆ ಸ್ವರ ಒಂಚೂರು ಬದಲಾದರೆ ‘ಬೇಡು’ ಎಂಬ ಅರ್ಥವೂ ಬರುತ್ತದೆ. ಕುರ್‌ಆನಿನ 22ನೇ ಅಧ್ಯಾಯ ಹಜ್ಜ್, 36ನೇ ವಚನ. ಕುರ್ಬಾನಿಯ ಮಾಂಸದ ಬಗ್ಗೆ: ನೀವೂ ತಿನ್ನಿ, ‘ಕಾನಿಅ್’ ಮತ್ತು ‘ಮುಅ್ತರ್’ ಇಬ್ಬರಿಗೂ ಉಣ್ಣಿಸಿ. ಮುಅ್ತರ್ ಎಂದರೆ ಎದುರು ಬಂದು ನಿಲ್ಲುವವನು. ಕಾನಿಅ್ ಎಂದರೆ ಬೇಡುವವನು ಎಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಇದ್ದದ್ದರಲ್ಲಿ ಕನಾಅತ್ ಇಟ್ಟುಕೊಂಡು, ಕೇಳದೆ ಮನೆಯಲ್ಲೇ ಕೂತವನು ಎಂದು ಇನ್ನು ಕೆಲವರು. ಎರಡನೆಯ ಅರ್ಥ ಹಿಡಿದರೆ ಅಂಗಡಿ ಮಾಲೀಕರ ಮಾತಿಗೆ ಬಲವಿಲ್ಲ. ಕೇಳದವನಿಗೂ ಒಂದು ಪಾಲಿದೆ, ಅದನ್ನು ಮುಟ್ಟಿಸುವುದು ಉಳ್ಳವರ ಕೆಲಸ. ಇನ್ನು ಮಜೂರಿ ದಾನವೇ ಅಲ್ಲ. ಬೆವರು ಆರುವ ಮುಂಚೆ ಕೂಲಿ ಕೊಡಿ ಎಂಬ ಹದೀಸ್ ಇಬ್ನ್ ಮಾಜಾ ಸಂಗ್ರಹದಲ್ಲಿದೆ. ಅಬ್ಬಾ ಅಂಥ ಓದು ಓದಿದವರಲ್ಲ. ಆದರೆ ಅವತ್ತು ದಾರಿಯಲ್ಲಿ, ‘ಆ ಮಾತು ನಾನು ನನಗ ಹೇಳ್ಕೊಳ್ಳೋದು ಬೇಟಾ. ಅವರು ನನಗ ಹೇಳೋದಲ್ಲ’ ಅಂದಿದ್ದರು.

ಅಮ್ಮಿಗೆ ಈ ವಚನದ ವ್ಯಾಖ್ಯಾನ ಗೊತ್ತಿತ್ತೋ ಇಲ್ಲವೋ. ಬಕ್ರೀದಿನ ದಿನ ಮಾಂಸ ಪಾಲು ಮಾಡುವಾಗ ನಮ್ಮ ಬಾಗಿಲಿಗೆ ಬಂದವರು ಸಾಲಾಗಿ ನಿಂತಿರುತ್ತಿದ್ದರು. ಅಮ್ಮಿ ಅವರಿಗೆ ಕೊಡುವ ಮೊದಲು ಒಂದು ಮುಚ್ಚಳದ ಡಬ್ಬಿ ತುಂಬಿ ನನ್ನ ಕೈಗೆ ಇಡುತ್ತಿದ್ದರು. ಓಣಿಯ ಕೊನೆಯಲ್ಲಿ ಬೀಡಿ ಕಟ್ಟಿ ಬದುಕುತ್ತಿದ್ದ ಒಬ್ಬ ಖಾಲಾ ಇದ್ದರು. ಅವರು ಎಂದೂ ಯಾರ ಬಾಗಿಲಿಗೂ ಬಂದವರಲ್ಲ. ‘ಹಿಂದಿನ ಬಾಗಿಲಿಂದ ಕೊಡು, ಡಬ್ಬಿ ವಾಪಸ್ ಕೇಳಬ್ಯಾಡ’ ಎಂದು ಅಮ್ಮಿ ಪ್ರತಿ ವರ್ಷ ಹೇಳುತ್ತಿದ್ದರು.