ಗೋಲಗುಮ್ಮಟದ ಕಮಾನು, ಇಳಕಲ್ ಸೆರಗಿನ ಕೊಂಡಿ ಮತ್ತು ಗ್ರೇಡಲ್

ಜಾವಾ ಕೋಡನ್ನು ಬಿಲ್ಡ್ ಮಾಡುವ ಸಾಧನ ಮೇವನ್‌ನಲ್ಲಿ 'ಡಿಪ್ಲಾಯ್' ಎಂಬ ಹಂತ ನಿಮ್ಮ ಆ್ಯಪ್ ಅನ್ನು ಸರ್ವರ್ ಮೇಲೆ ಓಡಿಸುವುದಿಲ್ಲ. ಕಟ್ಟಿದ ಜಾರ್ ಕಡತವನ್ನು (ಜಾವಾ ಕೋಡಿನ ಗಂಟು) ರೆಪಾಸಿಟರಿ ಎಂಬ ಉಗ್ರಾಣಕ್ಕೆ ಕಳಿಸಿ ಕೈತೊಳೆದುಕೊಳ್ಳುತ್ತದೆ, ಅಷ್ಟೇ. ಸರ್ವರ್‌ಗೋ ಕ್ಲೌಡ್‌ಗೋ ಏರಿಸಲು ಬೇರೆಯದೇ ಪ್ಲಗಿನ್ ಬೇಕು. ಅಂಥ ಎಷ್ಟೋ ಮುಕ್ತ ಪ್ಲಗಿನ್‌ಗಳು ಮೇವನ್ ಒಂದನ್ನೇ ಬಲ್ಲವು. ಅವಕ್ಕೆ ಅಂಥದೇ ಇನ್ನೊಂದು ಬಿಲ್ಡ್ ಸಾಧನವಾದ ಗ್ರೇಡಲ್‌ನ ಬೆಂಬಲ ಸೇರಿಸುವುದು ವಿಟಿಯು ಕಾಲೇಜುಗಳ ಕಡೇ ವರ್ಷದ ಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ. ಆದರೆ ಮೇವನ್‌ನ ಎಕ್ಸ್‌ಎಂಎಲ್ ಇದ್ದಲ್ಲಿ ಗ್ರೇಡಲ್‌ನ ಗ್ರೂವಿ ಭಾಷೆ ಬರೆದರಾಯಿತು ಎಂದುಕೊಂಡವರು ಮೊದಲ ವಾರದಲ್ಲೇ ಎಡವುತ್ತಾರೆ.

ಮೇವನ್ ಎಂದರೆ ಬೆಳಗಾವಿಯಿಂದ ಬಾಗಲಕೋಟೆಗೆ ಹೊರಟ ಬಸ್ಸು. ಯರಗಟ್ಟಿ, ಲೋಕಾಪುರ ದಾಟದೆ ಮುಂದಿನ ಊರಿಲ್ಲ. ಕಂಪೈಲ್, ಟೆಸ್ಟ್, ಪ್ಯಾಕೇಜ್ ಎಲ್ಲವೂ ಮೊದಲೇ ಗೊತ್ತಾದ ನಿಲ್ದಾಣಗಳು. ಗ್ರೇಡಲ್‌ಗೆ ಅಂಥ ಸಾಲಿಲ್ಲ. ಒಂದೊಂದು ಕೆಲಸವೂ ಅಲ್ಲಿ ಒಂದು 'ಟಾಸ್ಕ್'. ರೊಟ್ಟಿಗೆ ಹಿಟ್ಟು, ಹಿಟ್ಟಿಗೆ ಜೋಳ ಎಂದು ಅದು ಕೊನೆಯಿಂದ ಹಿಂದಕ್ಕೆ ಎಣಿಸುತ್ತದೆ. ಹಿಟ್ಟು ಆಗಲೇ ಬೀಸಿದ್ದರೆ ಗಿರಣಿಗೆ ಹೋಗುವುದೇ ಇಲ್ಲ.

ಹಾಗಾಗಿ ಗ್ರೇಡಲ್ ಮುಟ್ಟುವ ಮೊದಲು ಹಳೇ ಕೋಡನ್ನು ಸೀಳಬೇಕು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಲಾಗಿನ್ ಆಗುವುದು, ಕಡತ ಕಳಿಸುವುದು, ಸರ್ವರ್‌ನ ಉತ್ತರಕ್ಕೆ ಕಾಯುವುದು, ಇವೆಲ್ಲ ಮೈ. ಮೇವನ್ ಒಂದು ಸೆರಗು, ಗ್ರೇಡಲ್ ಇನ್ನೊಂದು. ವಿಜಯಪುರದ ಗೋಲಗುಮ್ಮಟವನ್ನೇ ನೋಡಿ: ಕೆಳಗೆ ಚೌಕ, ಮೇಲೆ ಗೋಳ. ನಡುವೆ ಒಂದನ್ನೊಂದು ಕತ್ತರಿಸುವ ಕಮಾನುಗಳು ಇಲ್ಲದಿದ್ದರೆ ಆ ಚೌಕದ ಮೇಲೆ ಗೋಳ ಕೂರುತ್ತಿರಲಿಲ್ಲ. ಜಾವಾ ಆ್ಯಪ್‌ಗೆ ಕಂಟೇನರ್ ಇಮೇಜ್ ಕಟ್ಟುವ ಗೂಗಲ್‌ನ ಜಿಬ್ ಕೂಡ ಹೀಗೆಯೇ ಇದೆ: ಒಂದು ತಿರುಳು ಲೈಬ್ರರಿ, ಅದರ ಮೇಲೆ ಎರಡು ತೆಳು ಪ್ಲಗಿನ್. ಸೀಳಿದ್ದು ಸರಿಯಾಯಿತೇ ಎಂದು ನೋಡಲು ತಿರುಳಿನ ಡಿಪೆಂಡೆನ್ಸಿ ಪಟ್ಟಿಯಿಂದ ಮೇವನ್ ಅನ್ನು ಪೂರ್ತಿ ತೆಗೆದು ಕಂಪೈಲ್ ಮಾಡಿ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಎರಡೇ: ಲಾಗ್ ಬರೆಯುವ ಸಾಲುಗಳು ಮತ್ತು 'ಮೋಜೋ' (ಮೇವನ್ ಪ್ಲಗಿನ್ನಿನ ಒಂದೊಂದು ಕೆಲಸಕ್ಕಿರುವ ಹೆಸರು) ಹೆಸರಿನ ಎಕ್ಸೆಪ್ಷನ್‌ಗಳು.

ಸೀಳುವಾಗ ಹಳೇ ಸೆಟ್ಟಿಂಗ್‌ಗಳ ಹೆಸರು ಬದಲಿಸಬೇಡಿ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಎಂಬ ಬಿಲ್ಡ್ ಸಾಧನ ಬರೆದಾಗ ಕಮಾಂಡ್ ಸಾಲಿನ ಮೊದಲಿಗೆ ಟ್ಯಾಬ್ ಇರಲೇಬೇಕೆಂಬ ನಿಯಮ ಹೇಗೋ ಸೇರಿಕೊಂಡಿತು. ತಪ್ಪು ತಿಳಿಯುವ ಹೊತ್ತಿಗೆ ಹತ್ತು ಹನ್ನೆರಡು ಮಂದಿ ಅದನ್ನು ಬಳಸುತ್ತಿದ್ದರು. ಅವರಿಗೆ ತೊಂದರೆ ಕೊಡಬಾರದೆಂದು ಆತ ಹಾಗೇ ಬಿಟ್ಟ. ಆ ಟ್ಯಾಬ್ ಇಂದಿಗೂ ಕಾಡುತ್ತಿದೆ, ನಿಜ; ಆದರೂ ಬಳಕೆದಾರರ ವಿಷಯದಲ್ಲಿ ಆತನ ಪಕ್ಷವೇ ಸರಿ.

ಇನ್ನು ನಿಜವಾದ ಗಂಟು: ಕಳಿಸಬೇಕಾದ ಕಡತ ಎಲ್ಲಿದೆ? ಮೇವನ್‌ನಲ್ಲಿ 'ಟಾರ್ಗೆಟ್' ಫೋಲ್ಡರ್, ಗ್ರೇಡಲ್‌ನಲ್ಲಿ 'ಬಿಲ್ಡ್' ಒಳಗಿನ 'ಲಿಬ್ಸ್'. ಸರಿ, ಕಡತದ ದಾರಿ (ಪಾತ್) ಬದಲಿಸಿದರಾಯಿತು ಎಂದು ಬರೆದರೋ, ಕೆಟ್ಟಿತು. ವರ್ಷನ್ ಕೊಡದ ಪ್ರಾಜೆಕ್ಟಿನಲ್ಲಿ ಕಡತದ ಹೆಸರಿಗೆ ಸಂಖ್ಯೆಯೇ ಇರುವುದಿಲ್ಲ. ಜಾವಾ ಆ್ಯಪ್ ಬರೆಯುವ ಚೌಕಟ್ಟಾದ ಸ್ಪ್ರಿಂಗ್ ಬೂಟ್‌ನ 2.5ರಿಂದ ಈಚೆಗೆ ಅಲ್ಲಿ ಎರಡು ಜಾರ್ ಬೀಳುತ್ತವೆ: ಓಡುವುದೊಂದು, ಹೆಸರಿನ ಕೊನೆಗೆ 'ಪ್ಲೇನ್' ಎಂದಿರುವುದು ಇನ್ನೊಂದು. ನಕ್ಷತ್ರ ಚಿಹ್ನೆ ಹಾಕಿ ಹುಡುಕುವ ಪ್ಲಗಿನ್ ಎರಡನೆಯದನ್ನು ಎತ್ತಿಕೊಂಡು ಹೋದರೆ, 'ನೋ ಮೇನ್ ಮ್ಯಾನಿಫೆಸ್ಟ್ ಆಟ್ರಿಬ್ಯೂಟ್' ಎಂದು ಜಾವಾ ಸಿಡುಕುತ್ತದೆ.

ದಾರಿ ಕೊಡಬೇಡಿ, ಪ್ರೊವೈಡರ್ (ಬೇಕಾದಾಗ ಮೌಲ್ಯ ಒದಗಿಸುವ ವಸ್ತು) ಕೊಡಿ. 'ಬೂಟ್‌ಜಾರ್' ಅಥವಾ 'ವಾರ್' ಟಾಸ್ಕ್‌ನ 'ಆರ್ಕೈವ್‌ಫೈಲ್' ಅನ್ನು ನಿಮ್ಮ ಟಾಸ್ಕ್‌ನ ಇನ್‌ಪುಟ್ ಕಡತಕ್ಕೆ ನೇರ ಕಟ್ಟಿ. ದಾರಿ ಎಂದರೆ ಡಬ್ಬಿ ಇಟ್ಟ ಗೂಡಿನ ಗುರುತು. ಡಬ್ಬಿ ತುಂಬಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಪ್ರೊವೈಡರ್ ಗಿರಣಿಯವನ ಚೀಟಿ ಇದ್ದಂತೆ: ಯಾರು ಬೀಸುತ್ತಾರೆ ಎಂಬುದು ಅದರಲ್ಲೇ ಇದೆ. ಹಾಗಾಗಿ ಗ್ರೇಡಲ್ ತಾನೇ ಮೊದಲು ಜಾರ್ ಕಟ್ಟಿಸುತ್ತದೆ, 'ಡಿಪೆಂಡ್ಸ್‌ಆನ್' ಬರೆಯುವ ಗೋಜಿಲ್ಲ. ಚೀಟಿಯನ್ನು ಬೇಗ ಬಿಚ್ಚಿದರೆ ಮಾತ್ರ ಕೆಡುತ್ತದೆ. ಪ್ಲಗಿನ್ ಅನ್ವಯವಾಗುವ ಗಳಿಗೆಯಲ್ಲಿ ಬಳಕೆದಾರ ಕೆಳಗೆ ಬರೆದ ಸರ್ವರ್ ವಿಳಾಸವನ್ನು ಗ್ರೇಡಲ್ ಇನ್ನೂ ಓದಿರುವುದಿಲ್ಲ. ಆಗಲೇ 'ಗೆಟ್' ಕರೆದರೆ ಡೀಫಾಲ್ಟ್ ಮೌಲ್ಯ ಸಿಗುತ್ತದೆ, ಇಲ್ಲವೇ ಎರರ್. ಟಾಸ್ಕ್ ಓಡುವಾಗ ಬಿಚ್ಚಿ.

ನಮ್ಮ ಮಂದಿಯ ಇನ್ನೊಂದು ಮೂಢನಂಬಿಕೆ, 'ಬಿಲ್ಡ್' ಫೋಲ್ಡರ್ ಅಳಿಸುವ 'ಕ್ಲೀನ್'. ಹೊಸ ಗಾಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಂತೆ ಪ್ರತಿ ಬಿಲ್ಡ್‌ಗೂ ಮುಂದೆ ಅದನ್ನು ಕಟ್ಟುತ್ತಾರೆ. ಫಲ ಸಿಗುವುದಕ್ಕೆ ಕಾರಣ ದೃಷ್ಟಿ ತೆಗೆದದ್ದಲ್ಲ. ಪ್ಲಗಿನ್ ಬರೆದವರು ಡಿಪ್ಲಾಯ್ ಟಾಸ್ಕ್‌ಗೆ ಗುರುತಿನ ಕಡತವೊಂದನ್ನು ಔಟ್‌ಪುಟ್ ಎಂದು ಘೋಷಿಸಿರುತ್ತಾರೆ. ಜಾರ್ ಬದಲಾಗಿಲ್ಲ, ಗುರುತೂ ಇದೆ, ಇನ್ನು ಕೆಲಸವೇನು ಎಂದು ಗ್ರೇಡಲ್ ಸುಮ್ಮನಾಗುತ್ತದೆ. ಆಚೆ ಸರ್ವರ್ ಖಾಲಿಯಾದದ್ದು ಅದಕ್ಕೆ ಕಾಣುವುದಿಲ್ಲ. 'ಕ್ಲೀನ್' ಆ ಗುರುತನ್ನು ಅಳಿಸುವುದರಿಂದಷ್ಟೇ ಟಾಸ್ಕ್ ಮತ್ತೆ ಓಡುತ್ತದೆ. ಔಟ್‌ಪುಟ್ ಘೋಷಿಸದ ಟಾಸ್ಕ್ ಪ್ರತಿ ಸಲವೂ ಓಡುತ್ತದೆ, ಡಿಪ್ಲಾಯ್‌ಗೆ ಬೇಕಾದದ್ದು ಅದೇ.

ಪಾಸ್‌ವರ್ಡ್ ಮೇವನ್‌ನಲ್ಲಿ 'ಸೆಟ್ಟಿಂಗ್ಸ್' ಕಡತದ ಸರ್ವರ್ ಪಟ್ಟಿಯಿಂದ ಬರುತ್ತದೆ. ಗ್ರೇಡಲ್‌ಗೆ ಅಂಥ ಪಟ್ಟಿಯಿಲ್ಲ. ಹೋಮ್ ಫೋಲ್ಡರ್‌ನ ಗ್ರೇಡಲ್ ಪ್ರಾಪರ್ಟೀಸ್ ಕಡತದಿಂದಲೋ ಎನ್ವಿರಾನ್‌ಮೆಂಟ್‌ನಿಂದಲೋ ಓದಿಸಿ. ಬಿಲ್ಡ್ ಕಡತದಲ್ಲಿ ಬರೆದರೆ ಗಿಟ್‌ಗೆ ಹೋಗಿ ಕೂರುತ್ತದೆ.

ಕೊನೆಗೆ ಪ್ಲಗಿನ್ ಪರೀಕ್ಷಿಸಲೆಂದೇ ಇರುವ ಗ್ರೇಡಲ್‌ನ ಟೆಸ್ಟ್‌ಕಿಟ್‌ನಲ್ಲಿ ಪುಟ್ಟ ಪ್ರಾಜೆಕ್ಟ್ ಇಟ್ಟು, ಸುಳ್ಳು ಸರ್ವರ್ ಎದುರು, 'ಕ್ಲೀನ್' ಇಲ್ಲದೆ ಡಿಪ್ಲಾಯ್ ಟಾಸ್ಕ್ ಅನ್ನು ಬೆನ್ನಿಗೆ ಬೆನ್ನು ಎರಡು ಸಲ ಓಡಿಸಿ. ಎರಡನೇ ಸಲ ಜಾರ್ ಟಾಸ್ಕ್ 'ಅಪ್-ಟು-ಡೇಟ್' ಎನ್ನಬೇಕು, ಡಿಪ್ಲಾಯ್ 'ಸಕ್ಸೆಸ್' ಎನ್ನಬೇಕು. ಅದಲುಬದಲಾದರೆ ಕೊಂಡಿ ಎಲ್ಲೋ ತಪ್ಪಿದೆ.