ನೀರು ನಿಲ್ಲುವ ಜಾಗ, ಗಾಳಿ ಬರುವ ದಾರಿ: ಕಾರವಾರದ ನೆರೆ ಮತ್ತು ಸೆಕೆಯ ಹಿನ್ನೆಲೆ

ಕಾರವಾರದಲ್ಲಿ ಮಳೆಗಾಲ ಹಿಡಿಯಿತೆಂದರೆ ಸುದ್ದಿಗಳು ನಾಲ್ಕೈದು ದಿಕ್ಕಿನಿಂದ ಒಟ್ಟಿಗೇ ಬರತೊಡಗುತ್ತವೆ. ಕದ್ರಾ ಅಣೆಕಟ್ಟೆಯ ಗೇಟು ತೆರೆದದ್ದು, ಚೆಂಡಿಯಾ ಮತ್ತು ಅರ್ಗಾದ ಮನೆಗಳಿಗೆ ನೀರು ನುಗ್ಗಿದ್ದು, ಹೆದ್ದಾರಿಯ ಮೇಲೆ ಗುಡ್ಡ ಜಾರಿದ್ದು, ದೇವಬಾಗದಲ್ಲೋ ಮಾಜಾಳಿಯಲ್ಲೋ ಕಡಲು ದಂಡೆಯನ್ನು ಕೊರೆದದ್ದು. ಈಚಿನ ವರ್ಷಗಳಲ್ಲಿ ಫೆಬ್ರುವರಿ ಮುಗಿಯುವ ಹೊತ್ತಿಗೇ ಇನ್ನೊಂದು ಸುದ್ದಿಯೂ ಸೇರಿಕೊಂಡಿದೆ: ಕರಾವಳಿಗೆ ಹವಾಮಾನ ಇಲಾಖೆ ಕೊಡುವ ಬಿಸಿಗಾಳಿಯ ಮುನ್ನೆಚ್ಚರಿಕೆ. ಅಣೆಕಟ್ಟೆಯ ನೀರು ವಿದ್ಯುತ್ ನಿಗಮದ ವಿಷಯ, ಚರಂಡಿ ನಗರಸಭೆಯದು, ಗುಡ್ಡ ಹೆದ್ದಾರಿಯವರದು, ಕಡಲ್ಕೊರೆತ ಬಂದರು ಇಲಾಖೆಯದು, ಬಿಸಿಲಿನಿಂದ ಬಳಲಿದವರು ಆರೋಗ್ಯ ಇಲಾಖೆಯ ಪಾಲು. ಹೀಗೆ ಹಂಚಿಹೋದ ಕಾರಣಕ್ಕೇ ಇವುಗಳ ನಡುವಿನ ನಂಟು ಕಣ್ಣಿಗೆ ಬೀಳುವುದಿಲ್ಲ. ಆದರೆ ಐವತ್ತು ವರ್ಷ ಹಿಂದಕ್ಕೆ ಹೋಗಿ ನೋಡಿದರೆ, ಇವೆಲ್ಲವೂ ಒಂದೇ ಕಿರಿದಾದ ನೆಲಪಟ್ಟಿಯನ್ನು ನಾವು ಬಳಸಿಕೊಂಡ ಬಗೆಗೆ ಬಂದು ಸೇರುತ್ತವೆ.

ಆ ನೆಲಪಟ್ಟಿಯ ಸ್ವರೂಪವನ್ನು ಮೊದಲು ಗಮನಿಸಬೇಕು. ಪೂರ್ವಕ್ಕೆ ಸಹ್ಯಾದ್ರಿಯ ಗುಡ್ಡಗಳು ಕಡಲಿನವರೆಗೂ ಚಾಚಿಕೊಂಡಿವೆ. ಉತ್ತರಕ್ಕೆ ಕಾಳಿ ನದಿಯ ಅಳಿವೆ, ಅದರಾಚೆ ಸದಾಶಿವಗಡ. ದಕ್ಷಿಣಕ್ಕೆ ಬೈತಕೋಲದ ಗುಡ್ಡ ಮತ್ತು ಬಿಣಗಾ. ಇವುಗಳ ನಡುವೆ ಉಳಿದ ತಗ್ಗು ನೆಲದಲ್ಲಿ ಊರಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವಿಳಿತದ ಅಂತರ ಎರಡು ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಗುಡ್ಡದಿಂದ ಇಳಿದ ಮಳೆನೀರು ಕಡಲು ಸೇರಲು ಹೊರಟಾಗ ಕಡಲೇ ಏರಿ ನಿಂತಿದ್ದರೆ, ಇಳಿತ ಆರಂಭವಾಗುವವರೆಗೆ ಆ ನೀರು ಎಲ್ಲಾದರೂ ಕಾಯಬೇಕು. ಅದು ಎಲ್ಲಿ ಕಾಯುತ್ತಿತ್ತು, ಈಗ ಎಲ್ಲಿ ಕಾಯುತ್ತದೆ ಎಂಬುದೇ ಈ ವಿಷಯದ ತಿರುಳು.

ಅದು ಕಾಯುತ್ತಿದ್ದದ್ದು ಗಜನಿಯಲ್ಲಿ, ಅಂದರೆ ನದಿಯ ಹಿನ್ನೀರಿನ ತಗ್ಗು ಗದ್ದೆಗಳಲ್ಲಿ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿ ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆದ ಮೇಲೆ ನೂರು ವರ್ಷಗಳ ತನಕ ಊರು ನಿಧಾನವಾಗಿಯೇ ಹರಡಿತು. ಕಾಳಿ, ಗಂಗಾವಳಿ, ಅಘನಾಶಿನಿ ನದಿಗಳ ಹಿನ್ನೀರಿನ ಗಜನಿ ಭೂಮಿಗಳು ಬಹುತೇಕ ಹಾಗೆಯೇ ಉಳಿದಿದ್ದವು. ಹೊರಗಿನವರಿಗೆ ಅದು ಉಪ್ಪುನೀರು ನಿಂತ ಪಾಳು ನೆಲವೆಂದು ತೋರಬಹುದು. ಆದರೆ ಅದರ ವ್ಯವಸ್ಥೆ ಬಹಳ ನಿಖರವಾದದ್ದು. ನದಿಯ ಕಡೆಗೆ ಮಣ್ಣು ಮತ್ತು ಕಲ್ಲಿನ ಒಡ್ಡು, ಒಡ್ಡಿನಲ್ಲಿ ಅಲ್ಲಲ್ಲಿ ಜಂತ್ರಡಿ. ಜಂತ್ರಡಿ ಎಂದರೆ ಮರದ ಹಲಗೆಯ ತೂಬು: ಉಬ್ಬರದ ವೇಳೆ ಹಲಗೆ ಇಳಿಸಿದರೆ ಉಪ್ಪುನೀರು ಒಳಗೆ ಬರುವುದಿಲ್ಲ, ಇಳಿತದ ವೇಳೆ ಎತ್ತಿದರೆ ಒಳಗಿನ ಮಳೆನೀರು ಹೊಳೆಗೆ ಹರಿದುಹೋಗುತ್ತದೆ. ಇದನ್ನು ನೋಡಿಕೊಳ್ಳುವವರು ಹಗಲು ರಾತ್ರಿ ಎನ್ನದೆ ನೀರಿನ ವೇಳೆಗೆ ಸರಿಯಾಗಿ ಒಡ್ಡಿನ ಮೇಲಿರಬೇಕಾಗುತ್ತಿತ್ತು. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತದ ಬಿತ್ತನೆ. ಕಗ್ಗ ಉಪ್ಪನ್ನೂ ತಾಳಿಕೊಳ್ಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಮತ್ತೆ ಎದ್ದು ನಿಲ್ಲುತ್ತದೆ. ಮಳೆಗಾಲ ಕಳೆದು ಕೊಯ್ಲಾದ ನಂತರ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಿದ್ದರು. ಕೊಯ್ದು ಉಳಿದ ಕೂಳೆ ಮೀನಿಗೆ ಆಹಾರ, ಅದರಿಂದ ಮುಂದಿನ ಬೆಳೆಗೆ ಗೊಬ್ಬರ. ಒಡ್ಡಿನ ಹೊರಬದಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬೇರು ಹೆಣೆದುಕೊಂಡು ಅಲೆಯ ಹೊಡೆತವನ್ನು ತಡೆಯುತ್ತಿದ್ದವು.

ಊರಿಗೆ ಇದರಿಂದ ಆಗುತ್ತಿದ್ದ ಉಪಕಾರವನ್ನು ಯಾರೂ ಲೆಕ್ಕಕ್ಕೆ ಬರೆದಿಡಲಿಲ್ಲ. ಮಳೆಗಾಲದಲ್ಲಿ ಗಜನಿ ನೆರೆಯ ನೀರನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಅದೇ ಜಾಗ ತೆಳುವಾದ ನೀರಿನ ಹಾಸಾಗಿ ಸುತ್ತಲಿನ ಗಾಳಿಯನ್ನು ಸ್ವಲ್ಪವಾದರೂ ತಂಪಾಗಿಡುತ್ತಿತ್ತು. ಕಂದಾಯದ ದಾಖಲೆಯಲ್ಲಿ ಮಾತ್ರ ಅದು ಕಡಿಮೆ ಇಳುವರಿಯ ಭೂಮಿ. ದಾಖಲೆಯ ಈ ಒಂದು ನೋಟದಿಂದಲೇ ಮುಂದಿನ ಎಷ್ಟೋ ತೀರ್ಮಾನಗಳು ಹುಟ್ಟಿದವು ಎಂದು ನನಗೆ ಅನ್ನಿಸುತ್ತದೆ.

ಬದಲಾವಣೆ ಒಮ್ಮೆಗೇ ಬರಲಿಲ್ಲ. ಉಪ್ಪುನೀರು ನುಗ್ಗುವ ನೆಲವನ್ನು ಕಾಯುವ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಸರ್ಕಾರ ಗಟ್ಟಿ ಒಡ್ಡುಗಳನ್ನು ಕಟ್ಟಿಕೊಟ್ಟಿತು. ಅದು ಒಳ್ಳೆಯ ಕೆಲಸವೇ ಆಗಿದ್ದರೂ, ಊರವರೇ ಸೇರಿ ಒಡ್ಡು ರಿಪೇರಿ ಮಾಡುವ ರೂಢಿ ಅದರೊಂದಿಗೆ ಸಡಿಲವಾಯಿತು. 1974ರ ಭೂಸುಧಾರಣೆ ಗೇಣಿದಾರರಿಗೆ ನೆಲದ ಹಕ್ಕು ಕೊಟ್ಟಿತು, ಅದು ಈ ಜಿಲ್ಲೆಯ ಇತಿಹಾಸದಲ್ಲಿ ದೊಡ್ಡ ನ್ಯಾಯ. ಆದರೆ ಸಣ್ಣ ಸಣ್ಣ ಹಿಡುವಳಿಗಳಾಗಿ ಒಡೆದ ಗಜನಿಯಲ್ಲಿ ಜಂತ್ರಡಿ ನೋಡಿಕೊಳ್ಳುವ ಹೊಣೆ ಯಾರದೆಂಬುದು ಸ್ಪಷ್ಟವಾಗಲಿಲ್ಲ. ಆಮೇಲೆ ಸಿಗಡಿಗೆ ಬೆಲೆ ಬಂತು. ಗಜನಿಗಳು ಗುತ್ತಿಗೆಗೆ ಹೋದವು, ಭತ್ತಕ್ಕಾಗಿ ಸಿಹಿನೀರು ಕಾಯುವ ಬದಲು ವರ್ಷವಿಡೀ ಉಪ್ಪುನೀರು ನಿಲ್ಲಿಸುವ ಪದ್ಧತಿ ಬಂತು, ಸಿಗಡಿಗೆ ರೋಗ ಬಂದಾಗ ಅದೂ ಕೈಬಿಟ್ಟುಹೋಯಿತು. ಬೆಳೆಯೂ ಇಲ್ಲದ, ಮೀನೂ ಇಲ್ಲದ ಗಜನಿಯನ್ನು ಮಣ್ಣು ತುಂಬಿಸಿ ಸೈಟು ಮಾಡುವುದು ಮುಂದಿನ ಹೆಜ್ಜೆ. ಮಾರಿದವರನ್ನು ದೂರುವಂತಿಲ್ಲ, ಮಗಳ ಮದುವೆಗೆ, ಮಗನ ಓದಿಗೆ ಆ ನೆಲ ಬಿಟ್ಟರೆ ಬೇರೆ ಆಸರೆ ಅವರಿಗೆ ಇರಲಿಲ್ಲ.

ಇದೇ ಅವಧಿಯಲ್ಲಿ ಕಾಳಿ ನದಿಯ ಮೇಲ್ಭಾಗ ಇನ್ನೊಂದು ರೂಪ ತಾಳಿತು. ಜೋಯಿಡಾದ ದಿಗ್ಗಿಯ ಬಳಿ ಹುಟ್ಟಿ 184 ಕಿಲೋಮೀಟರ್ ಹರಿಯುವ ಈ ನದಿಗೆ 1987ರಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ ಬಂತು; ಕೆಳಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕೊನೆಗೆ ಕದ್ರಾ. ಸೂಪಾ ದೊಡ್ಡ ಜಲಾಶಯವಾದ್ದರಿಂದ ಸಾಮಾನ್ಯ ವರ್ಷಗಳಲ್ಲಿ ನೆರೆಯನ್ನು ತಡೆದು ನಿಲ್ಲಿಸುತ್ತದೆ. ಕದ್ರಾ ಹಾಗಲ್ಲ. ಅದರ ಒಡಲು ಸಣ್ಣದು, ಸೂಪಾದ ಕೆಳಗಿನ ಕಾಡುಗಳಲ್ಲಿ ಬಿದ್ದ ಮಳೆಯೆಲ್ಲ ಅದಕ್ಕೇ ಬರುತ್ತದೆ, ಅಲ್ಲಿಂದ ಅಳಿವೆಗೆ ಮೂವತ್ತು-ಮೂವತ್ತೈದು ಕಿಲೋಮೀಟರ್ ಮಾತ್ರ. ಗೇಟು ತೆರೆದ ನೀರು ಮಲ್ಲಾಪುರ, ಕದ್ರಾದ ಕೆಳದಂಡೆ, ಕಿನ್ನರ, ಕಡವಾಡ ದಾಟಿ ಕೋಡಿಬಾಗಕ್ಕೆ ಬರುವ ಹೊತ್ತಿಗೆ ಉಬ್ಬರವೂ ಏರಿದ್ದರೆ ಆ ನೀರಿಗೆ ಮುಂದೆ ದಾರಿಯಿಲ್ಲ. ಮೊದಲಾಗಿದ್ದರೆ ಗಜನಿಗಳಲ್ಲಿ ಹರಡಿಕೊಳ್ಳುತ್ತಿತ್ತು.

ದಕ್ಷಿಣಕ್ಕೆ, 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆ 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆಯಾಗಿ ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಗಾಗಿ ಸಾವಿರಾರು ಕುಟುಂಬಗಳು ಕಡಲದಂಡೆಯ ಮನೆ ಬಿಟ್ಟು ಒಳನಾಡಿನ ಪುನರ್ವಸತಿ ಕಾಲನಿಗಳಿಗೆ ಹೋದವು. ಗುಡ್ಡದಿಂದ ಕಡಲಿಗೆ ಸೇರುವ ಹಲವು ಹಳ್ಳಗಳ ಕೊನೆಯ ಭಾಗ ಈಗ ನೆಲೆಯ ಆವರಣದೊಳಗಿದೆ. ಹೊರಗಿನ ಹಳ್ಳಿಗಳಲ್ಲಿ ನೀರು ನಿಂತಾಗ ಕಾಲುವೆ ಬಿಡಿಸುವ ಕೆಲಸಕ್ಕೆ ಎರಡು ಆಡಳಿತಗಳು ಒಪ್ಪಿ ಕೈಜೋಡಿಸಬೇಕಾಗುತ್ತದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು, ಅದರ ಏರಿ ಗುಡ್ಡಕ್ಕೂ ಗದ್ದೆಗೂ ನಡುವೆ ಹಾದುಹೋಯಿತು. ಮುಂದೆ ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥಕ್ಕಾಗಿ ಗುಡ್ಡದ ಬುಡಗಳನ್ನು ನೆಟ್ಟಗೆ ಕತ್ತರಿಸಲಾಯಿತು. ಪ್ರತಿಯೊಂದಕ್ಕೂ ಅಗತ್ಯವಿತ್ತು, ಪ್ರತಿಯೊಂದಕ್ಕೂ ಅನುಮತಿಯಿತ್ತು. ಇವೆಲ್ಲ ಒಟ್ಟಿಗೆ ಸೇರಿದಾಗ ನೀರಿನ ಗತಿಯೇನು ಎಂಬ ಪ್ರಶ್ನೆಯನ್ನು ಕೇಳಬೇಕಾದ ಜಾಗವೊಂದು ಮಾತ್ರ ವ್ಯವಸ್ಥೆಯಲ್ಲಿರಲಿಲ್ಲ.

ಮೊದಲ ದೊಡ್ಡ ಎಚ್ಚರಿಕೆ 2009ರ ಅಕ್ಟೋಬರ್ 2ರಂದು ಬಂತು. ಮಳೆಗಾಲ ಮುಗಿಯಿತೆಂದು ಜನ ನಂಬಿದ್ದ ಹೊತ್ತಿನಲ್ಲಿ ಸುರಿದ ಮಳೆಗೆ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು ಹತ್ತೊಂಬತ್ತು ಮಂದಿ ಮಣ್ಣಿನಡಿ ಸಿಲುಕಿ ಸತ್ತರು. ಇಲ್ಲಿನ ಗುಡ್ಡಗಳ ಮೇಲ್ಪದರ ಗಟ್ಟಿಯಾದ ಜಂಬಿಟ್ಟಿಗೆ ಕಲ್ಲು. ಅದರಡಿಯಲ್ಲಿ ನುಣುಪಾದ ಶೇಡಿ ಮಣ್ಣು. ಬಿರುಕುಗಳಿಂದ ಇಳಿದ ನೀರು ಶೇಡಿಯಲ್ಲಿ ತುಂಬಿಕೊಂಡಾಗ ಮೇಲಿನ ಭಾರ ಜಾರುತ್ತದೆ, ಬುಡವನ್ನು ಮೊದಲೇ ಕಡಿದಿದ್ದರೆ ಇನ್ನೂ ಬೇಗ ಜಾರುತ್ತದೆ. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ ಮೂರೂ ನದಿಗಳು ಒಂದೇ ವಾರ ಉಕ್ಕಿದವು, ಕದ್ರಾದ ಕೆಳಗಿನ ಹಳ್ಳಿಗಳು ಮುಳುಗಿದವು. ಮಳೆಗಾಲದಲ್ಲಿ ಜಲಾಶಯವನ್ನು ಪೂರ್ಣಮಟ್ಟಕ್ಕೆ ತುಂಬಿಸದೆ ಜಾಗ ಖಾಲಿ ಇಟ್ಟುಕೊಳ್ಳಬೇಕೆಂಬ ಒತ್ತಾಯ ಅಲ್ಲಿಂದ ಬಲವಾಯಿತು. 2021ರ ಜುಲೈನಲ್ಲಿ ಮತ್ತದೇ ನೆರೆ, ಜೊತೆಗೆ ಯಲ್ಲಾಪುರದ ಕಳಚೆಯಲ್ಲಿ ಇಡೀ ಊರಿನ ತೋಟ ಮನೆಗಳು ಜಾರಿದವು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿಯೊಳಕ್ಕೆ ಬಿದ್ದು ಹನ್ನೊಂದು ಮಂದಿಯನ್ನು ಕಳೆದುಕೊಂಡೆವು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆದಂಡೆಯ ಉಳುವರೆಯ ಮನೆಗಳನ್ನೂ ಕೆಡವಿತು. ಮೂರು ವಾರ ಕಳೆಯುವಷ್ಟರಲ್ಲಿ ಕಾಳಿಯ ಹಳೆಯ ಸೇತುವೆ ನಡುರಾತ್ರಿ ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕನನ್ನು ಉಳಿಸುವುದರಲ್ಲಿ ಸ್ಥಳೀಯ ಮೀನುಗಾರರು ಮುಂದಿದ್ದರು ಎಂಬುದನ್ನು ಇಲ್ಲಿ ನೆನೆಯಲೇಬೇಕು.

ಕಾನೂನು ಈ ಅವಧಿಯಲ್ಲಿ ಬಿಗಿಯಾಗಿ ಆರಂಭವಾಗಿ ಸಡಿಲವಾಗುತ್ತ ಬಂತು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರ ರೇಖೆಯಿಂದ 500 ಮೀಟರ್ ತನಕ ನಿರ್ಬಂಧ ಹೇರಿತು. 2011ರಲ್ಲಿ ಅದು ಪರಿಷ್ಕೃತವಾಯಿತು. 2019ರ ಅಧಿಸೂಚನೆ ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಲ್ಲಿ ಕಟ್ಟಡ ನಿಷೇಧದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ, ಉಬ್ಬರದ ನೀರು ಬರುವ ನದಿದಂಡೆಗಳಲ್ಲಿ ವಲಯದ ಮಿತಿಯನ್ನು 100ರಿಂದ 50 ಮೀಟರಿಗೆ ಇಳಿಸಿತು. ದಂಡೆಯಲ್ಲಿ ಹುಟ್ಟಿ ಬೆಳೆದ ಮೀನುಗಾರನಿಗೆ ಒಂದು ಕೋಣೆ ಕಟ್ಟಿಕೊಳ್ಳಲೂ ಅಡ್ಡಿಯಾಗುತ್ತಿದ್ದ ನಿಯಮ ಸಡಿಲವಾದದ್ದು ಅವನಿಗೆ ನೆಮ್ಮದಿಯೇ. ಆದರೆ ಅದೇ ಸಡಿಲಿಕೆಯ ಲಾಭ ಅವನಿಗಿಂತ ದೊಡ್ಡ ಬಂಡವಾಳಕ್ಕೆ ಹೆಚ್ಚು ದೊರೆಯುತ್ತದೆ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಅಲೆತಡೆಗೋಡೆಯ ವಿರುದ್ಧ ಕಾರವಾರದ ಮೀನುಗಾರರು ಬೀದಿಗಿಳಿದಾಗ ಅವರ ಮುಖ್ಯ ಆತಂಕ ಟ್ಯಾಗೋರ್ ಕಡಲತೀರವೆಂಬ ಒಂದೇ ತೆರೆದ ಮರಳ ದಂಡೆ ಉಳಿಯುತ್ತದೆಯೇ ಎಂಬುದಾಗಿತ್ತು. ಅಲೆತಡೆಗೋಡೆ ಒಂದೆಡೆ ಮರಳನ್ನು ಹಿಡಿದರೆ ಇನ್ನೊಂದೆಡೆ ಕೊರೆತ ಹೆಚ್ಚುತ್ತದೆ ಎಂಬುದು ಈ ಕರಾವಳಿಯಲ್ಲಿ ಕಂಡುಂಡ ಅನುಭವ.

ಇನ್ನು ಸೆಕೆ. ಕರಾವಳಿಯವರಿಗೆ ಸೆಕೆ ಹೊಸದಲ್ಲವೆಂಬ ಮಾತು ಎಷ್ಟು ಸಹಜವೆಂದರೆ, ಅದನ್ನು ಅಪಾಯವೆಂದು ಎಣಿಸಲು ಬಹಳ ತಡವಾಯಿತು. ಬಿಸಿಗಾಳಿಯೆಂದು ಘೋಷಿಸಲು ಹವಾಮಾನ ಇಲಾಖೆಯ ಮಾನದಂಡದಲ್ಲಿ ಬಯಲುಸೀಮೆಗೆ 40 ಡಿಗ್ರಿಯಾದರೆ ಕರಾವಳಿಗೆ 37 ಡಿಗ್ರಿ, ಮತ್ತು ಆ ದಿನದ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿರಬೇಕು. ಕಾರವಾರದಲ್ಲಿ ಮಾರ್ಚ್‌ನ ವಾಡಿಕೆ 33 ಡಿಗ್ರಿಯ ಆಸುಪಾಸು. ಮೂಡಣ ಗಾಳಿ ಬಲವಾಗಿ ಬೀಸಿ ಕಡಲಗಾಳಿ ತಡವಾಗಿ ಬಂದ ದಿನಗಳಲ್ಲಿ ಉಷ್ಣಾಂಶ ಈ ಗೆರೆಯನ್ನು ಮುಟ್ಟುತ್ತದೆ. ಗೆರೆ ಮುಟ್ಟದ ದಿನಗಳೂ ನಿರಪಾಯವಲ್ಲ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ದೇಹ ತಣಿಯುವುದಿಲ್ಲ. 35 ಡಿಗ್ರಿಯ ಕಾರವಾರ ಹೆಚ್ಚು ಬಿಸಿಲಿನ ಒಣ ಊರಿಗಿಂತ ಕಠಿಣವಾಗುವುದು ಹೀಗೆ. ರಾತ್ರಿಯೂ ತೇವ ಇಳಿಯುವುದಿಲ್ಲ. ಚಿರೆಕಲ್ಲಿನ ಗೋಡೆ, ಹೆಂಚಿನ ಮಾಡು, ಎತ್ತರದ ಜಗಲಿಯ ಮನೆಗಳ ಜಾಗದಲ್ಲಿ ಬಂದ ತಾರಸಿ ಮನೆ ಹಗಲೆಲ್ಲ ಕಾದು ರಾತ್ರಿ ಆ ಬಿಸಿಯನ್ನು ಒಳಗೆ ಬಿಡುತ್ತದೆ. ಹಾಗೆ ನಿದ್ದೆಗೆಟ್ಟ ದೇಹ ಮರುದಿನದ ಬಿಸಿಲಿಗೆ ಸೋತೇ ಹೊರಡುತ್ತದೆ. ಮಣ್ಣು ತುಂಬಿಸಿ ಕಾಂಕ್ರೀಟು ಹಾಕಿದ ಗಜನಿ ಮಳೆಗಾಲದಲ್ಲಿ ನೀರನ್ನು ಪಕ್ಕದ ಮನೆಗೆ ತಳ್ಳುತ್ತದೆ, ಬೇಸಿಗೆಯಲ್ಲಿ ಕಾವನ್ನು ಹೊರಸೂಸುತ್ತದೆ. ನೆರೆ ಮತ್ತು ಸೆಕೆ ಒಂದೇ ನೆಲದಲ್ಲಿ ಕೂಡುವುದು ಇಲ್ಲಿಯೇ.

ಇದರ ಹೊರೆ ಸಮನಾಗಿ ಹಂಚಿಕೆಯಾಗಿಲ್ಲ. ಒಣಮೀನು ಮಾಡುವ ಹೆಂಗಸರನ್ನು ನೋಡಿ: ಅವರ ಕೆಲಸಕ್ಕೆ ಬಿಸಿಲೇ ಬಂಡವಾಳ. ಬೆಳಿಗ್ಗೆ ಉಪ್ಪು ಹಾಕಿದ ಮೀನನ್ನು ದಂಡೆಯಲ್ಲಿ ಹರಡಿ, ನಡುಮಧ್ಯಾಹ್ನ ಕಾದ ಮರಳಿನ ಮೇಲೆ ಬಗ್ಗಿ ಒಂದೊಂದನ್ನೂ ಮಗುಚಿ ಹಾಕಬೇಕು, ಕಾಗೆ ನಾಯಿಗಳನ್ನು ಓಡಿಸುತ್ತ ಸಂಜೆಯವರೆಗೆ ಕಾಯಬೇಕು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೊರಗೆ ಹೋಗಬೇಡಿ ಎಂಬ ಸಲಹೆ ಅವರ ಪಾಲಿಗೆ ಆ ದಿನದ ದುಡಿಮೆ ಬಿಡಿ ಎಂದಂತೆ. ದಂಡೆಯಲ್ಲಿ ಒಂದು ನೆರಳಿನ ಚಪ್ಪರ, ಕುಡಿಯುವ ನೀರು, ಶೌಚಾಲಯ ಇದ್ದರೆ ಅವರ ಅಪಾಯದ ದೊಡ್ಡ ಪಾಲು ಕಡಿಮೆಯಾಗುತ್ತದೆ. ಶೌಚಾಲಯವಿಲ್ಲದ ಕಾರಣಕ್ಕೇ ನೀರು ಕಡಿಮೆ ಕುಡಿಯುವ ಹೆಂಗಸರು ಎಷ್ಟೋ ಮಂದಿ ಇದ್ದಾರೆ. ಇದಕ್ಕೆ ಹಣದ ಕೊರತೆಗಿಂತ, ಆ ಹಣವನ್ನು ಯಾವ ಬಾಬ್ತಿನಲ್ಲಿ ಖರ್ಚು ಮಾಡಬೇಕೆಂಬ ಲೆಕ್ಕದ ಶೀರ್ಷಿಕೆಯ ಕೊರತೆ ಹೆಚ್ಚು. ರಾಷ್ಟ್ರಮಟ್ಟದ ವಿಪತ್ತು ಪರಿಹಾರದ ಹನ್ನೆರಡು ವಿಪತ್ತುಗಳ ಪಟ್ಟಿಯಲ್ಲಿ ನೆರೆ, ಭೂಕುಸಿತ, ಚಂಡಮಾರುತ, ಶೀತಗಾಳಿ ಎಲ್ಲವೂ ಇದ್ದಾಗ ಬಹುಕಾಲ ಬಿಸಿಗಾಳಿ ಇರಲಿಲ್ಲ.

ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ಅದರ ಚಂಡಮಾರುತಗಳು ಬಲ ಪಡೆಯುತ್ತಿವೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಅನುಮಾನವಿಲ್ಲ. 2019ರ ಕ್ಯಾರ್, 2021ರ ತೌಕ್ತೆ ದಂಡೆಯನ್ನು ಹೇಗೆ ಹೊಡೆದವೆಂಬುದನ್ನು ಇಲ್ಲಿನವರೆಲ್ಲ ನೋಡಿದ್ದಾರೆ. ಕಡಲಿನ ಈ ಬದಲಾವಣೆಯನ್ನು ಕಾರವಾರ ಒಂದೇ ತಡೆಯಲಾರದು. ತನ್ನ ನೆಲದ ಮೇಲಿನ ತೀರ್ಮಾನಗಳು ಮಾತ್ರ ಊರಿನ ಕೈಯಲ್ಲಿವೆ, ಅವುಗಳಲ್ಲಿ ಕೆಲವು ಇನ್ನೂ ಮುಗಿದುಹೋಗಿಲ್ಲ. ಕಾಳಿಯ ದಂಡೆಯಲ್ಲಿ ಕಾಂಡ್ಲಾ ವನಗಳು ಉಳಿದಿವೆ, ಅರಣ್ಯ ಇಲಾಖೆ ಹೊಸದಾಗಿ ನೆಟ್ಟದ್ದೂ ಇದೆ. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು, ಕುಮಟಾದ ಮಾಣಿಕಟ್ಟಾದಲ್ಲಿ ರೈತರು ಕಗ್ಗವನ್ನು ಬಿಟ್ಟುಕೊಟ್ಟಿಲ್ಲ. ಕಾರವಾರದ ಉಳಿದ ಗಜನಿಗಳನ್ನು ಸರ್ವೆ ಮಾಡಿ, ಇಲ್ಲಿ ಮಣ್ಣು ತುಂಬಿಸುವಂತಿಲ್ಲವೆಂದು ನಗರ ಯೋಜನೆಯಲ್ಲಿ ಬರೆಯುವುದಕ್ಕೆ, ಹಾಗೆ ಬರೆದಾಗ ಮಾಲೀಕರಿಗೆ ಆಗುವ ನಷ್ಟವನ್ನು ತುಂಬಿಕೊಡುವುದಕ್ಕೆ ಹೊಸ ವಿಜ್ಞಾನವೇನೂ ಬೇಕಾಗಿಲ್ಲ. ಹಾಗೆಯೇ ಕದ್ರಾದಿಂದ ನೀರು ಬಿಡುವ ಪ್ರಕಟಣೆಯಲ್ಲಿ ಕ್ಯುಸೆಕ್ ಲೆಕ್ಕದ ಜೊತೆಗೆ ಆ ದಿನದ ಉಬ್ಬರದ ವೇಳೆಯನ್ನೂ, ಆ ನೀರು ಕಡವಾಡಕ್ಕೆ, ಕೋಡಿಬಾಗಕ್ಕೆ ಮುಟ್ಟುವ ಹೊತ್ತನ್ನೂ ಸೇರಿಸಿದರೆ, ಕೆಳದಂಡೆಯವರು ದನಕರುಗಳನ್ನು ಬಿಚ್ಚಬೇಕೋ, ಸಾಮಾನು ಅಟ್ಟಕ್ಕೇರಿಸಬೇಕೋ, ಮನೆ ಬಿಟ್ಟು ಹೊರಡಬೇಕೋ ಎಂಬುದನ್ನು ತಾವೇ ಲೆಕ್ಕ ಹಾಕಿಕೊಳ್ಳಬಲ್ಲರು.