ನಂಬರ್ ಕಾಣದ ಟಿಪ್ಪರ್‌ಗೆ 500 ರೂಪಾಯಿ ದಂಡ ಸಾಕಾ?

ಚಿಕ್ಕಬಳ್ಳಾಪುರದ ಕ್ರಷರ್‌ಗಳಿಂದ ಜಲ್ಲಿ, ಎಂ-ಸ್ಯಾಂಡ್ ತುಂಬಿಕೊಂಡು ಬೆಂಗಳೂರಿನತ್ತ ಓಡುವ ಟಿಪ್ಪರ್‌ಗಳ ಹಿಂದೆ ಬೈಕಿನಲ್ಲಿ ಹೋದವರಿಗೆ ಇದು ಗೊತ್ತು. ಪ್ಲೇಟ್ ಇರುತ್ತದೆ, ನಂಬರ್ ಓದೋಕಾಗಲ್ಲ. ಕೆಎ 40 ಇದೆಯೋ ಕೆಎ 43 ಇದೆಯೋ ತಿಳಿಯದಷ್ಟು ಕೆಸರು, ಕಲ್ಲುಪುಡಿ. ಕೆಲವಕ್ಕೆ ಬಂಪರ್ ಜೊತೆ ಪ್ಲೇಟೂ ಒಳಕ್ಕೆ ಮಡಚಿಕೊಂಡಿರುತ್ತದೆ.

ಕಾನೂನಿಗೇನೂ ಕೊರತೆಯಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಟಿಪ್ಪರ್‌ನಂಥ ಸಾರಿಗೆ ವಾಹನಕ್ಕೆ ಹಿಂದೆ, ಮುಂದೆ ಮಾತ್ರವಲ್ಲ, ಎರಡೂ ಪಕ್ಕಗಳಲ್ಲೂ ನಂಬರ್ ಇರಬೇಕು. ಕಿತ್ತು ಬದಲಾಯಿಸಲು ಆಗದಂಥ ಎಚ್‌ಎಸ್‌ಆರ್‌ಪಿ ಪ್ಲೇಟ್ 2001ರಲ್ಲೇ ನಿಯಮಕ್ಕೆ ಸೇರಿತು. 2019ರ ಏಪ್ರಿಲ್‌ಗಿಂತ ಹಳೆಯ ವಾಹನಗಳಿಗೂ ಅದನ್ನು ಹಾಕಿಸಿ ಎಂದು ಕರ್ನಾಟಕ ಆದೇಶಿಸಿದ್ದು 2023ರ ಆಗಸ್ಟ್‌ನಲ್ಲಿ. ಆಮೇಲೂ ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು. ಆದರೆ ಎಂಥ ಪ್ಲೇಟ್ ಆದರೂ ಕೆಸರು ಮೆತ್ತಿಕೊಂಡರೆ ಏನು ಉಪಯೋಗ?

ದಂಡದ ಕಥೆ ನೋಡಿ. ಇಂಥ ಸಣ್ಣಪುಟ್ಟ ನಿಯಮ ಮುರಿದವರಿಗೆ 1988ರ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಇದೆ. ಮೊದಲ ಸಲ 100 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 300. ಮೂರು ದಶಕ ಅಷ್ಟೇ ಇತ್ತು. 2019ರಲ್ಲಿ ಅದು 500 ಮತ್ತು 1,500 ಆಯಿತು. ಒಂದು ಲೋಡ್ ಜಲ್ಲಿಯ ಮುಂದೆ ಇದು ಯಾವ ಲೆಕ್ಕ?

ಇನ್ನು ಪೆಟ್ಟು ತಿಂದವರ ಲೆಕ್ಕ. ಗುದ್ದಿದ ಗಾಡಿಯ ನಂಬರ್ ಸಿಕ್ಕರೆ ಅದರ ವಿಮೆಯಿಂದ ಪರಿಹಾರ ಕೇಳಬಹುದು. ಸತ್ತವರ ವಯಸ್ಸು, ಸಂಪಾದನೆ, ಅವರನ್ನೇ ನಂಬಿದ್ದವರು ಎಷ್ಟು ಜನ ಎಂದೆಲ್ಲ ನೋಡಿ ಕೋರ್ಟ್ ಮೊತ್ತ ನಿಗದಿ ಮಾಡುತ್ತದೆ. ನಂಬರ್ ಸಿಗದಿದ್ದರೆ ಅದು ‘ಹಿಟ್ ಅಂಡ್ ರನ್’. ಆಗ ಸಿಗುವುದು ಸರ್ಕಾರ ಗೊತ್ತುಮಾಡಿದ ಮೊತ್ತ ಮಾತ್ರ. ಪ್ರಾಣ ಹೋದರೆ 1982ರಲ್ಲಿ 5,000 ರೂಪಾಯಿ ಇತ್ತು. 1994ರಲ್ಲಿ 25,000 ಆಯಿತು. 2022ರ ಏಪ್ರಿಲ್‌ನಿಂದ 2 ಲಕ್ಷ, ತೀವ್ರ ಗಾಯಕ್ಕೆ 50,000. ಮನೆಗೆ ಆಧಾರವಾಗಿದ್ದ ಮೂವತ್ತರ ಹುಡುಗ ಹೋದರೂ ಅಷ್ಟೇ. ಆ ಕೆಸರು ಮುಚ್ಚಿದ್ದು ಒಂದು ಕುಟುಂಬದ ಹಕ್ಕನ್ನೇ ಅಲ್ವಾ?

ತಪಾಸಣೆ ಹೆದ್ದಾರಿಯಲ್ಲಲ್ಲ, ಕ್ರಷರ್ ಗೇಟಿನಲ್ಲೇ ನಡೆಯಬೇಕು. ಲೋಡ್ ತೂಕ ಹಾಕುವ ಹೊತ್ತಿಗೆ ಪ್ಲೇಟ್ ಒರೆಸಲು ಎರಡು ನಿಮಿಷ ಸಾಕು. ಅಲ್ಲಿಯವರೆಗೆ, ರಸ್ತೆಯಲ್ಲಿ ಅಪಘಾತ ಕಂಡವರು ಹಿಂದಿನ ಪ್ಲೇಟ್ ಕಾಣದಿದ್ದರೆ ಟಿಪ್ಪರ್‌ನ ಪಕ್ಕ ಬರೆದ ನಂಬರನ್ನಾದರೂ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ, ಪೊಲೀಸರಿಗೆ ಕೊಡಿ.